ಕಟ್ಟೆ ಎಷ್ಟಡಿ ಅಂತ ಕೇಳ್ತೀವಿ, ಹೊಳೆ ಹೇಗಿದೆ ಅಂತ ಕೇಳಲ್ಲ

ಪ್ರತಿ ಮಳೆಗಾಲದಲ್ಲೂ ಫೇಸ್‌ಬುಕ್ಕಿನಲ್ಲಿ ಒಂದೇ ಜಗಳ ನೋಡುತ್ತೇನೆ. ಯಾರೋ ಚುಂಚನಕಟ್ಟೆ ಜಲಪಾತ ಧುಮ್ಮಿಕ್ಕುವ ವಿಡಿಯೋ ಹಾಕುತ್ತಾರೆ. ಕೆಳಗೆ ಇನ್ಯಾರೋ ಬಂದು, "ಎಲ್ಲಿದೆ ಸ್ವಾಮಿ ನಿಮ್ಮ ಹವಾಮಾನ ಬದಲಾವಣೆ? ತಾಯಿ ತುಂಬಿ ಹರೀತಾವ್ಳೆ ನೋಡಿ" ಅಂತ ಬರೆಯುತ್ತಾರೆ. ಬರ ಬಂದ ವರ್ಷ ಅದೇ ಜನ, ಅದೇ ಜಾಗದ ಬೋಳು ಬಂಡೆ ತೋರಿಸಿ "ಕಾವೇರಿ ಸತ್ತೇ ಹೋದಳು" ಅನ್ನುತ್ತಾರೆ. ಎರಡಕ್ಕೂ ಲೈಕುಗಳಿಗೆ ಬರವಿಲ್ಲ.

ನನಗೆ ಎರಡೂ ಒಪ್ಪಿಗೆಯಿಲ್ಲ. ಹೊಳೆ ಸತ್ತಿಲ್ಲ. ಆದರೆ ನಮ್ಮಜ್ಜಿ ನೋಡಿದ ಹೊಳೆಯೂ ಅದಲ್ಲ. ನೀರು ಜಾಸ್ತಿಯಾಯಿತೋ ಕಮ್ಮಿಯಾಯಿತೋ ಅಂತ ನಾವು ಜಗಳ ಆಡುತ್ತಾ ಕೂತಿದ್ದೇವೆ. ಕೆಟ್ಟಿರೋದು ಅದು ಬರುವ ಹೊತ್ತು. ಬರಹ ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಓದಿ.

ನಮ್ಮೂರು ಸಾಲಿಗ್ರಾಮದ ಕಡೆ, ಹೊಳೆ ದಂಡೆಯಲ್ಲೇ ಇದೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಶ್ರೀರಂಗಪಟ್ಟಣದವರು ನೋಡುವ ಕಾವೇರಿಗೂ ನಾವು ನೋಡುವ ಕಾವೇರಿಗೂ ವ್ಯತ್ಯಾಸ ಇದೆ. ಅವರದು ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಗೇಟಿನಿಂದ ಬಿಟ್ಟ ಕಾವೇರಿ. ಇಂಜಿನಿಯರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಕಟ್ಟೆಯ ಮೇಲ್ಗಡೆಯವರು. ಹಾರಂಗಿಗೆ 8.5 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಒಂದು ಅಣೆಕಟ್ಟು ಇದೆ, ನಿಜ. ಆದರೆ ಅದು ಉಪನದಿ. ಕಾವೇರಿಗೇ ಅಡ್ಡವಾಗಿ ನಮ್ಮ ಮೇಲೆ ಇರೋದು ಕಟ್ಟೇಪುರದಂಥ ಹಳೇ ಸಣ್ಣ ಕಟ್ಟೆಗಳು ಮಾತ್ರ. ಭಾಗಮಂಡಲದಲ್ಲಿ ಮಳೆ ಬಿದ್ದರೆ ಅದು ಹೆಚ್ಚುಕಮ್ಮಿ ಹಾಗೇ ನಮ್ಮೂರ ಮೆಟ್ಟಿಲಿಗೆ ಬಂದು ಬಡಿಯುತ್ತದೆ.

ಆ ಮೆಟ್ಟಿಲ ಪಕ್ಕ ನೀರಲ್ಲಿ ಒಂದು ಬಂಡೆ ಇದೆ. ಬಸವನ ಕಲ್ಲು ಅಂತೀವಿ. ಬಸವನ ಆಕಾರ ಏನೂ ಇಲ್ಲ, ಕೊಂಬಂತೂ ಇಲ್ಲವೇ ಇಲ್ಲ. ಯಾವ ಕಾಲದಲ್ಲಿ ಯಾರು ಹಾಗೆ ಕರೆದರೋ. ಅಜ್ಜಿಗೆ ಆ ಕಲ್ಲೇ ಪಂಚಾಂಗ. ಬೆಳಗ್ಗೆ ನೀರಿಗೆ ಹೋದವಳು ವಾಪಸ್ ಬಂದು ತಾತನಿಗೆ ವರದಿ ಒಪ್ಪಿಸುತ್ತಿದ್ದಳು. "ಬಸವನ ಕಾಲು ನೆಂದವೆ, ಒಟ್ಲು ಬುಡ್ಬೌದು." ಒಟ್ಲು ಅಂದರೆ ಭತ್ತದ ಸಸಿಮಡಿ. ಇನ್ನು ಸ್ವಲ್ಪ ದಿನಕ್ಕೆ, "ಹೊಟ್ಟೆಗಂಟ ಬಂದದೆ." ಆಮೇಲೆ ಒಂದು ದಿನ ನಮ್ಮನ್ನೆಲ್ಲ ಕೂರಿಸಿಕೊಂಡು, "ಬೆನ್ನು ಮುಳುಗ್ತು. ಇನ್ನು ಹೊಳೆ ತಾವ ಯಾರಾದ್ರೂ ಹೋದ್ರೆ ಕಾಲು ಮುರೀತೀನಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿದಿರುತ್ತಿತ್ತು, ಅಂದರೆ ಜುಲೈ. ಅಂದರೆ ಕಾಲು ನೆನೆಯೋದರಿಂದ ಬೆನ್ನು ಮುಳುಗೋವರೆಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಈ ನಿಧಾನ ಇದೆಯಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಜೂನ್‌ನ ಮೃಗಶಿರ ಮಳೆಗೆ ಹೊಸ ನೀರು ಬರುತ್ತಿತ್ತು. ಆ ದಿನ ಊರಿಗೇ ಗೊತ್ತಾಗುತ್ತಿತ್ತು. ಹಿಂದಿನ ದಿನ ತಳದ ಕಲ್ಲು ಕಾಣುವ ಹಾಗೆ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತಿತ್ತು. ಮೇಲೆ ನೊರೆ, ಕೊಳೆತ ಎಲೆ, ಬಿದಿರಿನ ತುಂಡು. ಕೆಲವು ಸಲ ಬೇರು ಸಮೇತ ಮರವೇ ತೇಲಿ ಬರುತ್ತಿತ್ತು. ಗಂಡುಹುಡುಗರು ಹಗ್ಗಕ್ಕೆ ಕೊಕ್ಕೆ ಕಟ್ಟಿ ಸೌದೆ ಎಳೆಯುತ್ತಿದ್ದರು. ನಾವು ಹೆಣ್ಣುಮಕ್ಕಳು ದಡದಲ್ಲಿ ನಿಂತು "ಅಗೋ ಇನ್ನೊಂದು" ಅಂತ ಕೂಗೋದಕ್ಕೆ ಮಾತ್ರ. ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ, ಇರಲಿ. ಕುಡಿಯೋಕೆ ಆ ಕೆಂಪು ನೀರನ್ನೇ ತರಬೇಕಿತ್ತು. ಬಿಂದಿಗೆ ಒಳಗೆ ಚಿಲ್ಲದ ಬೀಜ ತೇಯ್ದು ರಾತ್ರಿ ಇಟ್ಟರೆ ಬೆಳಗ್ಗೆ ಮಣ್ಣೆಲ್ಲ ತಳ ಸೇರಿ ಮೇಲೆ ತಿಳಿ ನಿಂತಿರುತ್ತಿತ್ತು. ಆ ನೀರಿನ ರುಚಿಯಲ್ಲಿ ಸ್ವಲ್ಪ ಒಗರು ಇತ್ತು. ಈಗಿನ ಮಕ್ಕಳಿಗೆ ಚಿಲ್ಲದ ಬೀಜ ಅಂದರೆ ನಗುತ್ತಾರೆ.

ಶ್ರಾವಣ ಕಳೆದು ಗೌರಿ ಹಬ್ಬ ಬರುವ ಹೊತ್ತಿಗೆ ಕೆಂಪು ಇಳಿಯುತ್ತಿತ್ತು. ದಡದಲ್ಲಿ ಒಂದು ಪಟ್ಟಿಯಷ್ಟು ಒದ್ದೆ ಮರಳು ಬಿಟ್ಟುಕೊಡುತ್ತಿತ್ತು ಹೊಳೆ. ಆ ಮರಳಲ್ಲೇ ಗೌರಮ್ಮನನ್ನು ಮಾಡಿ, ಅರಿಶಿನ ಕುಂಕುಮ ಹಾಕಿ ಮನೆಗೆ ತರೋದು. ತುಲಾ ಸಂಕ್ರಮಣ ಬಂದರೆ ಊರಿನ ಯಾರಾದರೊಬ್ಬರು ತಲಕಾವೇರಿಗೆ ಹೋಗಿ ಬಾಟಲಿಯಲ್ಲಿ ತೀರ್ಥ ತರುತ್ತಿದ್ದರು. ಆಗ ನಮ್ಮ ಹೊಳೆ ಹಸಿರು ಬಣ್ಣ. ಸಂಕ್ರಾಂತಿಗೆ ಚುಂಚನಕಟ್ಟೆ ದನಗಳ ಜಾತ್ರೆ. ಎತ್ತುಗಳನ್ನು ನೀರಿಗಿಳಿಸಿ ಮೈ ತೊಳೆಯೋಕೆ ಸರಿಯಾಗಿ ಮೊಣಕಾಲುದ್ದ ನೀರು. ಜಲಪಾತದ ಸದ್ದು ಊರಾಚೆಗೂ ಕೇಳುತ್ತದೆ, ಆದರೆ ಕೋದಂಡರಾಮನ ಗರ್ಭಗುಡಿ ಒಳಗೆ ಕೇಳಲ್ಲ ಅಂತಾರಲ್ಲ, ಅದನ್ನು ಪರೀಕ್ಷೆ ಮಾಡೋಕೆ ನಾವು ಒಳಗೆ ಹೊರಗೆ ಓಡಾಡಿ ಪೂಜಾರಪ್ಪನ ಕೈಲಿ ಬೈಸಿಕೊಳ್ಳುತ್ತಿದ್ದೆವು. ಶಿವರಾತ್ರಿಗೆ ಕಪ್ಪಡಿ ಜಾತ್ರೆ ಶುರುವಾದರೆ ಯುಗಾದಿವರೆಗೆ. ಆಮೇಲೆ ಬೇಸಿಗೆ. ಮರಳು ತೋಡಿ ಒರತೆ ಮಾಡಿ ನೀರು ಮೊಗೆಯೋದು. ಮಡುಗಳಲ್ಲಿ ಮಾತ್ರ ಮೀನು.

ಮೀನು ಅಂದರೆ ರಾಮನಾಥಪುರ ನೆನಪಾಗುತ್ತೆ. ನಮ್ಮಿಂದ ಸ್ವಲ್ಪ ಮೇಲೆ, ಅರಕಲಗೂಡು ತಾಲ್ಲೂಕು. ಅಲ್ಲಿ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಯಾರೂ ಮೀನು ಹಿಡಿಯೋ ಹಾಗಿಲ್ಲ. ಪುರಿ ಎಸೆದರೆ ನಮ್ಮ ತೋಳುದ್ದದ ಬಿಳಿಮೀನು, ಅಂದರೆ ಮಹಶೀರ್, ಬಾಯಿ ತೆಗೆದುಕೊಂಡು ಬರುತ್ತಿದ್ದವು. ಕಾವೇರಿಯ ಗೂನುಬೆನ್ನಿನ ಮಹಶೀರ್ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ನಮ್ಮ ಕಡೆ ಸಂತೆಯಲ್ಲಿ ಈಗ ಜಾಸ್ತಿ ಸಿಗೋದು ಜಿಲೇಬಿ ಮೀನು. ಅದು ಎಂಥ ಗಲೀಜು ನೀರಲ್ಲೂ ಬದುಕುತ್ತೆ.

ಇಷ್ಟು ಓದಿದ ಮೇಲೆ "ಆಹಾ, ಎಂಥಾ ಕಾಲ" ಅಂತ ಕಾಮೆಂಟ್ ಹಾಕಬೇಡಿ, ದಯವಿಟ್ಟು. ಆ ಹೊಳೆ ಸಾಧುವಾಗಿರಲಿಲ್ಲ. ಸುಳಿಗೆ ಸಿಕ್ಕಿ ಹೋದವರು ನಮ್ಮ ಬೀದಿಯಲ್ಲೇ ಇದ್ದರು. ಮಳೆಗಾಲದಲ್ಲಿ ವಾಂತಿ ಭೇದಿ ತಪ್ಪಿದ್ದಲ್ಲ, ಕುಡಿಯೋದು ಅದೇ ನೀರಾದ್ದರಿಂದ. ಬಿಂದಿಗೆ ಹೊತ್ತು ಹೊತ್ತು ಅಜ್ಜಿಯ ಕುತ್ತಿಗೆ ಕೊನೆಗಾಲದಲ್ಲಿ ತಿರುಗುತ್ತಲೇ ಇರಲಿಲ್ಲ. ಎಡತೊರೆ ಅನ್ನೋ ಹಳೇ ಊರಿದ್ದ ಹಾಗೇ ಮೇಲ್ಗಡೆ ಹೊಸ ಪೇಟೆ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟು ಕೃಷ್ಣರಾಜನಗರ ಮಾಡಿದ್ದು ಯಾಕೆ? ಹೊಳೆಯ ನೆರೆಗೆ ಹೆದರಿಯೇ. 1924ರ ನೆರೆಯ ಕಥೆ ತಾತನಿಗೆ ಅವರಪ್ಪ ಹೇಳಿದ್ದನ್ನು ನಾವೂ ಕೇಳಿ ಬೆಳೆದವರು. ಹಾಗಾಗಿ ನೆರೆ ಹೊಸದಲ್ಲ, ಬರವೂ ಹೊಸದಲ್ಲ.

ಹೊಸದು ಏನು ಅಂದರೆ, ಎರಡೂ ಹೇಳದೆ ಕೇಳದೆ ಬರೋದು.

ಸುಮ್ನೆ ಈಚಿನ ಮೂರು ವರ್ಷ ತಗೊಳ್ಳಿ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದಿದ್ದೇ ಜೂನ್ 8ಕ್ಕೆ. ಜುಲೈಯಲ್ಲಿ ಕೊಡಗಿನಲ್ಲಿ ಒಂದಷ್ಟು ಸುರಿದು ಆಸೆ ಹುಟ್ಟಿಸಿತು. ಆಗಸ್ಟ್‌ನಲ್ಲಿ ಪೂರ್ತಿ ಕೈಕೊಟ್ಟಿತು. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಮರುವರ್ಷ, 2024ರ ಜುಲೈ ಕೊನೆಗೆ, ಕಟ್ಟೆ ತುಂಬಿ ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ದಾಟಿ ನೀರು ಹೊರಗೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಜೂನ್ ಮುಗಿಯೋದರೊಳಗೆ ಕನ್ನಂಬಾಡಿ ತುಂಬಿ, ಜೂನ್ 30ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಾಗಿನ ಬಿಟ್ಟರು. ಕಟ್ಟೆ ಜೂನ್‌ನಲ್ಲೇ ತುಂಬೋದು ತೀರಾ ಅಪರೂಪ.

ಜೂನ್ 8, ಮೇ 24. ಎರಡು ವಾರದ ವ್ಯತ್ಯಾಸ. ಒಂದು ಸಲ ಮೃಗಶಿರವೇ ಒಣಗಿ ಹೋಗುತ್ತೆ, ಇನ್ನೊಂದು ಸಲ ರೋಹಿಣಿ ಶುರುವಾಗೋ ಮುಂಚೆಯೇ ಮುಂಗಾರು ಬಾಗಿಲಲ್ಲಿ. ಬಸವನ ಕಲ್ಲನ್ನು ನೋಡಿ ಒಟ್ಲು ಬಿಡುವವರು ಏನು ಮಾಡಬೇಕು? ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಏರಿಕೆ ಈಗ ರಾತ್ರಿ ಕಳೆಯೋದರಲ್ಲಿ ಆಗುತ್ತೆ. 2018, 2019ರ ಆಗಸ್ಟ್‌ಗಳಲ್ಲಿ ಕೊಡಗಿನ ಗುಡ್ಡಗಳೇ ಕುಸಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿದು, ಅರ್ಚಕರ ಮನೆಯೇ ಮಣ್ಣಲ್ಲಿ ಹೋಯಿತು. ಆ ಸುದ್ದಿ ಬಂದ ದಿನ ನಮ್ಮಮ್ಮ ಊಟ ಮಾಡಲಿಲ್ಲ. ತೀರ್ಥ ತರಲು ಹೋಗುತ್ತಿದ್ದ ಜಾಗವಲ್ವಾ ಅದು.

ಕಾರಣ ತುಂಬಾ ಗಹನವಾದದ್ದೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಹಿಡಿದುಕೊಂಡಷ್ಟು ಹೊತ್ತು ಮಳೆ ಇಲ್ಲ, ಬಿಟ್ಟರೆ ಒಂದೇ ಸಲ. ವರ್ಷದ ಲೆಕ್ಕ ನೋಡಿದರೆ ಒಟ್ಟು ಮಳೆ ಸರಿಯಾಗೇ ಇದೆ ಅನ್ನಿಸಬಹುದು. ತಿಂಗಳ ಸಂಬಳ ಒಂದೇ ದಿನ ಕೈಗೆ ಬಂದು ಸಂಜೆಯೊಳಗೆ ಖರ್ಚಾದರೆ ಆ ಮನೆಯಲ್ಲೂ ವರ್ಷದ ಆದಾಯ ಸರಿಯಾಗೇ ಇರುತ್ತೆ.

ಈಗ ಮಂಡ್ಯಕ್ಕೆ ಬರುತ್ತೇನೆ. ನಮ್ಮ ಮಾವನವರ ಊರು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆ ಬಯಲು. ಮಾವ ಬೆಳಗ್ಗೆ ಕಾಫಿಗಿಂತ ಮುಂಚೆ ಪೇಪರಿನಲ್ಲಿ ಒಂದೇ ಮೂಲೆ ನೋಡುತ್ತಾರೆ. ಕಟ್ಟೆ ಎಷ್ಟಡಿ? 124.80 ಇದ್ದರೆ, ಅಂದರೆ ಪೂರ್ತಿ ತುಂಬಿದ್ದರೆ, ಆ ದಿನ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. 90ಕ್ಕೆ ಇಳಿದರೆ ಅತ್ತೆ ಕೂಡ ಮಾತಾಡಿಸಲು ಹೋಗಲ್ಲ. ನಾನು ತಮಾಷೆ ಮಾಡುತ್ತಿಲ್ಲ, ಆ ಅಂಕಿ ಮೇಲೆ ನಿಜಕ್ಕೂ ಅವರ ಬದುಕಿದೆ. ಆದರೆ ಆ ಅಂಕಿ ನಮ್ಮ ಕಣ್ಣು ಕಟ್ಟಿದೆ ಅಂತಲೂ ಅನ್ನಿಸುತ್ತೆ.

ಕೂಡಿಸಿ ಕಳೆದು ನೋಡೋಣ. ಕನ್ನಂಬಾಡಿಯ ಸಾಮರ್ಥ್ಯ 49.45 ಟಿಎಂಸಿ. ಹೊಳೆ ದಿನಪೂರ್ತಿ ಲಕ್ಷ ಕ್ಯೂಸೆಕ್ ಬಂದರೆ ದಿನಕ್ಕೆ 8.64 ಟಿಎಂಸಿ. ಅಂದರೆ ಪೂರ್ತಿ ಖಾಲಿ ಕಟ್ಟೆ ಕೂಡ ಆರು ದಿನದೊಳಗೆ ತುಂಬುತ್ತದೆ. ಏಳನೇ ದಿನದ ನೀರನ್ನು ಇಡೋಕೆ ಜಾಗ ಇಲ್ಲ, ಬಿಡಲೇಬೇಕು. ಅದು ರಂಗನತಿಟ್ಟಿನ ನಡುಗಡ್ಡೆಗಳ ಮೇಲೆ ಹತ್ತಿ, ಹಕ್ಕಿ ಗೂಡು ಮುಳುಗಿಸಿ, ತಮಿಳುನಾಡು ಗಡಿಯ ಬಿಳಿಗುಂಡ್ಲು ದಾಟಿ ಹೋಗುತ್ತೆ. ವಿಶ್ವೇಶ್ವರಯ್ಯನವರು ಮತ್ತು ಅವರ ಕಾಲದವರು 1911ರಲ್ಲಿ ಕೆಲಸ ಶುರು ಮಾಡಿದಾಗ ಲೆಕ್ಕ ಹಾಕಿದ್ದು ತಿಂಗಳಾನುಗಟ್ಟಲೆ ನಿಧಾನವಾಗಿ ಬರುವ ಹೊಳೆಗೆ. ಅವರನ್ನು ದೂರುತ್ತಿಲ್ಲ. ಅವರು ನೋಡಿದ್ದು ನಮ್ಮಜ್ಜಿಯ ಹೊಳೆ.

ತಮಿಳುನಾಡಿನ ಜೊತೆಗಿನ ಹಂಚಿಕೆಯೂ ಹಳೇ ಮಳೆಗೇ ಕಟ್ಟಿದ್ದು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವರ್ಷಕ್ಕೆ 177.25 ಟಿಎಂಸಿ ಬಿಳಿಗುಂಡ್ಲುವಿನಲ್ಲಿ ಕೊಡಬೇಕು. ತಿಂಗಳ ಕಂತು ಬೇರೆ ಬೇರೆ. ಅತಿ ದೊಡ್ಡ ಕಂತು ಯಾವ ತಿಂಗಳು ಗೊತ್ತಾ? ಆಗಸ್ಟ್. 45.95 ಟಿಎಂಸಿ. ಯಾಕೆಂದರೆ ಆಗಸ್ಟ್‌ನಲ್ಲಿ ಹೊಳೆ ತುಂಬಿರುತ್ತೆ ಅನ್ನೋದು ಎಲ್ಲರ ನಂಬಿಕೆ. 2023ರಲ್ಲಿ ಅದೇ ಆಗಸ್ಟ್ ಕೈಕೊಟ್ಟಿತು. ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್ ಆಯಿತು, ಮಂಡ್ಯದ ಸಂಜಯ ವೃತ್ತದಲ್ಲಿ ಜನ ರಸ್ತೆಗಿಳಿದರು. ಆ ಕಡೆ ತಂಜಾವೂರಿನ ರೈತನೂ ಒಣಗಿದ ಪೈರು ಹಿಡಿದು ಕೂತಿದ್ದ. ಎರಡೂ ಕಡೆ ಒಬ್ಬರಿಗೊಬ್ಬರು ಬೈದುಕೊಂಡದ್ದೇ ಬಂತು. ಮಳೆ ತಿಂಗಳು ತಪ್ಪಿದರೆ ಕಂತು ಹೇಗೆ ಅನ್ನೋದಕ್ಕೆ ಎರಡೂ ರಾಜ್ಯ ಒಪ್ಪಿದ ಸಂಕಷ್ಟ ಸೂತ್ರ ಇವತ್ತಿಗೂ ಇಲ್ಲ. ಮಳೆ ಚೆನ್ನಾದ ವರ್ಷ ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಮಾತಾಡಬೇಕಾದ್ದು ಆಗಲೇ ಅಲ್ವಾ?

ಇದೆಲ್ಲ ಹೇಳುತ್ತಾ ತಪ್ಪನ್ನೆಲ್ಲ ಆಕಾಶದ ಮೇಲೆ ಹಾಕಿ ಕೈತೊಳೆದುಕೊಳ್ಳೋಕೂ ನನಗೆ ಇಷ್ಟವಿಲ್ಲ. ನಮ್ಮೂರ ಹೊಳೆಯ ಮರಳನ್ನು ಹೊತ್ತು ಹೋಗಿದ್ದು ಬಿಸಿಗಾಳಿ ಅಲ್ಲ, ಲಾರಿ. ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿಕೊಂಡು ಬರುತ್ತಿದ್ದವು. ಮರಳಿದ್ದರೆ ನೀರನ್ನು ತಡೆದಿಟ್ಟುಕೊಳ್ಳುತ್ತಿತ್ತು, ಒರತೆ ಕೊಡುತ್ತಿತ್ತು. ಈಗ ಬೇಸಿಗೆಯಲ್ಲಿ ತೋಡಿದರೆ ಕೆಸರು, ಅದರಡಿ ಬಂಡೆ. ಗೌರಿ ಮಾಡೋಕೂ ಹಿಡಿ ಮರಳಿಲ್ಲ. ಪೇಟೆಯಿಂದ ಬಣ್ಣದ ಗೌರಿ ತರುತ್ತಾರೆ. ದಡದ ಹೊಳೆಮತ್ತಿ ಮರಗಳು ಎಲ್ಲಿ ಹೋದವು ಅಂತ ಕೇಳಿದರೆ ಊರಲ್ಲಿ ಎಲ್ಲರೂ ಆ ಕಡೆ ಈ ಕಡೆ ನೋಡುತ್ತಾರೆ. ದಡದುದ್ದಕ್ಕೂ ಪಂಪ್‌ಸೆಟ್. ಕೊಡಗಿನಲ್ಲಿ ಬಾಣೆ (ಗದ್ದೆಗೆ ಸೇರಿದ ಮರಗಾಡು), ಕಾಡು ಹೋದದ್ದನ್ನು ಎಲ್ಲರೂ ಹೇಳುತ್ತಾರೆ. ಗದ್ದೆ ಹೋದದ್ದನ್ನು ಯಾರೂ ಹೇಳಲ್ಲ. ಅಲ್ಲಿನ ಕಣಿವೆಗಳಲ್ಲಿ ಭತ್ತದ ಗದ್ದೆಗಳು ಮಳೆಗಾಲ ಪೂರ್ತಿ ನೀರು ನಿಲ್ಲಿಸಿ ನಿಧಾನಕ್ಕೆ ಬಿಡುತ್ತಿದ್ದವು. ಅವು ಪಾಳು ಬಿದ್ದಷ್ಟೂ, ಮನೆ ಎದ್ದಷ್ಟೂ ಬಿದ್ದ ನೀರು ಬಿದ್ದ ಹಾಗೇ ಕೆಳಗೆ ಓಡುತ್ತೆ.

ಲಕ್ಷ್ಮಣತೀರ್ಥ ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತೆ. ಇರ್ಪುವಿನಲ್ಲಿ ಸ್ಫಟಿಕದ ಹಾಗಿರೋ ನೀರು ಹುಣಸೂರು ದಾಟುವಾಗ ಬೇಸಿಗೆಯಲ್ಲಿ ಹಸಿರು ಕಳೆ ಹೊದ್ದ ಚರಂಡಿ. ಅದೂ ಕೊನೆಗೆ ಸೇರೋದು ಕನ್ನಂಬಾಡಿಗೇ. ನಾನು ಈಗ ಇರೋ ಮೈಸೂರಿನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರೋದು ಅದೇ ಹೊಳೆಯ ನೀರು. ಬೆಂಗಳೂರಿಗೂ ಅದೇ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಹೋಗುತ್ತಿದೆ. ಕುಡಿಯೋ ನೀರು, ಬೇಡ ಅನ್ನೋಕೆ ಆಗಲ್ಲ. ಆದರೆ ಹೊಳೆಗೆ ಹೊಸ ಪಾಲುದಾರರು ಬಂದಾಗಲೆಲ್ಲ "ಕಟ್ಟೆ ತುಂಬಿದೆಯಲ್ಲ" ಅನ್ನೋದೇ ಉತ್ತರ ಆದರೆ ಹೇಗೆ?

ಊರಲ್ಲಿ ಈಗ ಬೇಸಾಯ ಮಾಡೋದು ತಮ್ಮ. ಅವನಿಗೆ ಬಸವನ ಕಲ್ಲಿನ ಮೇಲೆ ನಂಬಿಕೆ ಹೋಗಿದೆ. ಸರ್ಕಾರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮಳೆ ಕೇಳುತ್ತಾನೆ. ತಾತ ಬೆಳೆಯುತ್ತಿದ್ದ ರಾಜಮುಡಿ ಬಿಟ್ಟು ಬೇಗ ಕಟಾವಿಗೆ ಬರುವ ತಳಿ ಹಾಕುತ್ತಾನೆ. ರಾಜಮುಡಿ ಅನ್ನದ ರುಚಿ ಹೋಯಿತಲ್ಲ ಅಂತ ನಾನು ರಾಗ ಎಳೆದೆ. "ಅಕ್ಕ, ನೀನು ಮೈಸೂರಲ್ಲಿ ಕುಂತ್ಕಂಡು ರುಚಿ ಕೇಳ್ತೀಯ. ಐದು ತಿಂಗ್ಳು ನೀರು ಕಾಯೋ ಬೆಳೆ ಹಾಕಿ, ಕಟ್ಟು ನೀರು ಅಂದ್ಬುಟ್ಟು ಮಧ್ಯದಲ್ಲಿ ನಿಲ್ಸುದ್ರೆ ನಂಗ್ ಯಾರ್ ಕೊಟ್ಟಾರು?" ಅಂದ. ಕಟ್ಟು ನೀರು ಅಂದರೆ ನಾಲೆಗೆ ಸರದಿ ಮೇಲೆ ಬಿಟ್ಟು ನಿಲ್ಲಿಸೋ ನೀರು. ಮಾತು ಸರಿಯಾಗೇ ಇತ್ತು. ಅಲ್ಲೇ ನಿಲ್ಲಿಸದೆ ಇನ್ನೊಂದು ಹೇಳಿದ. "ಕಟ್ಟೆ ತುಂಬುದ್ರೆ ಬಾಗಿನ ಬುಡಾಕೆ ಎಲ್ಲಾರೂ ಬತ್ತಾರೆ. ಒಟ್ಲು ಒಣಗುದ್ರೆ ನಾಲೆ ನೀರು ಬುಡೋ ಸೌಡಿನೂ ಫೋನ್ ಎತ್ತಲ್ಲ."

ನನ್ನ ತಕರಾರು ಇಲ್ಲೇ ಇರೋದು. ನಾಲೆಗೆ ನೀರು ಯಾವತ್ತು, ಎಷ್ಟು ಕಟ್ಟು, ಯಾವ ಬೆಳೆ ಅಂತ ನೀರಾವರಿ ಸಲಹಾ ಸಮಿತಿ ಹೇಳುವ ಹೊತ್ತಿಗೆ ಎಷ್ಟೋ ಜನ ಬೀಜ ತಂದು ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ. ಕಟ್ಟೆಯ ಅಡಿ ನೋಡಿಕೊಂಡು ತೀರ್ಮಾನ ಮಾಡುವ ಪದ್ಧತಿ ನಿಧಾನದ ಹೊಳೆಗೆ ಸರಿ ಇತ್ತು. ಈಗ ಮೇ ತಿಂಗಳಲ್ಲೇ ಎರಡು ದಾರಿ ಹೇಳಲಿ. ಮಳೆ ಹೊತ್ತಿಗೆ ಬಂದರೆ ಇದು, ಆಗಸ್ಟ್‌ನಲ್ಲಿ ಕೈಕೊಟ್ಟರೆ ಇದು. ರಾಗಿಗೆ, ಕಡಿಮೆ ಅವಧಿಯ ಭತ್ತಕ್ಕೆ ಬೀಜ ಮೊದಲೇ ಕೊಡಲಿ. ಮಂಡ್ಯದಲ್ಲೇ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರ ಇದೆ, ತನು ಅಂಥ ಭತ್ತದ ತಳಿ ಹುಟ್ಟಿದ್ದೇ ಅಲ್ಲಿ, ಕೇಳಿದರೆ ಹೇಳೋರಿದ್ದಾರೆ. ಪೇಪರಿನವರೂ ಕಟ್ಟೆಯ ಅಡಿಯ ಪಕ್ಕ ಇನ್ನೊಂದು ಸಾಲು ಹಾಕಲಿ. ಕಳೆದ ಹತ್ತು ವರ್ಷದಲ್ಲಿ ಇದೇ ದಿನ ಒಳಹರಿವು ಎಷ್ಟಿತ್ತು ಅಂತ. ಹೊಳೆಯ ಹೊತ್ತು ಹೇಗೆ ಜಾರುತ್ತಿದೆ ಅಂತ ಮಾವನಂಥವರಿಗೆ ಕಾಫಿಗೆ ಮುಂಚೆಯೇ ಗೊತ್ತಾಗುತ್ತೆ.

"ಹೊಳೆ ಬಗ್ಗೆ ಈಯಮ್ಮನಿಗೇನು ಗೊತ್ತು" ಅಂತ ಬೈಯೋರು ಧಾರಾಳವಾಗಿ ಬೈಯಿರಿ. ಆದರೆ ನಿಮ್ಮೂರ ನಾಲೆಗೆ ಈ ಐದು ವರ್ಷದಲ್ಲಿ ಮೊದಲ ನೀರು ಬಂದ ತಾರೀಕು, ನಿಂತ ತಾರೀಕು ಎರಡೂ ಬರೆದು ಆಮೇಲೆ ಬೈಯಿರಿ. ನಮ್ಮ ಚಾಮರಾಜ ನಾಲೆ ಬಯಲಿನದನ್ನು ತಮ್ಮನ ಹತ್ತಿರ ಕೇಳಿ ನಾನೂ ಕೆಳಗೆ ಹಾಕುತ್ತೇನೆ.